ಬಾಗೇವಾಡಿ ಕಾರಕೂನನ ಮೋಡದ ವಹಿ

ಕೆಲಸಕ್ಕೆ ಸೇರಿದ ಮೊದಲ ವರ್ಷವೇ ನಾನು ಒಂದು ಇಡೀ ರೋಲು ಹಾಳು ಮಾಡಿದೆ. ಕಾರಣ ನನ್ನ ಬಳೆ.

ಮೈಕ್ರೋಫಿಲ್ಮಿನ ಕೆಲಸ ಕಂಡಿರದವರಿಗೆ ಎರಡು ಮಾತು ಹೇಳಬೇಕು. ಹಳೆಯ ಕಾಗದವನ್ನು ಮೇಜಿನ ಮೇಲೆ ಹಾಸಿ, ಅದರ ಮೇಲೆ ಗಾಜು ಒತ್ತಿ, ಕಾಲಡಿಯ ಪೆಡಲು ತುಳಿಯಬೇಕು. ತಲೆಯ ಮೇಲೆ ತೂಗುವ ಕ್ಯಾಮೆರಾ ಎರಡು ದೀಪಗಳ ಬೆಳಕಿನಲ್ಲಿ ಆ ಪುಟವನ್ನು ಉಗುರಿನಷ್ಟು ಚಿಕ್ಕದು ಮಾಡಿ ಫಿಲ್ಮಿನೊಳಗೆ ಇಡುತ್ತದೆ. ಗಾಜು ಎತ್ತುವುದು, ಪುಟ ತಿರುವುವುದು, ಗಾಜು ಇಳಿಸುವುದು, ಪೆಡಲು ತುಳಿಯುವುದು. ಬೆಳಿಗ್ಗೆಯಿಂದ ಸಂಜೆಯವರೆಗೆ ಇಷ್ಟೇ. ಗಾಜಿನ ಅಂಚು ಹಿಡಿದ ನನ್ನ ಕೈಯ ಹಸಿರು ಬಳೆಗಳು ಆ ಗಾಜಿನಲ್ಲಿ ಮಿಂಚುತ್ತಿದ್ದದ್ದು ನನಗೆ ತಿಳಿಯಲೇ ಇಲ್ಲ. ಫಿಲ್ಮನ್ನು ರಸಾಯನದಲ್ಲಿ ತೊಳೆದು ನೋಡಿದರೆ ಒಂದು ಕಚೇರಿಯ ಜನನ ಮರಣದ ಪುಸ್ತಕದ ಪ್ರತಿ ಪುಟದ ಮೂಲೆಯಲ್ಲೂ ಒಂದು ಹೊಳಪು. ಆ ಹೊಳಪಿನ ಅಡಿಯಲ್ಲಿ ಪುಟಕ್ಕೊಬ್ಬರಂತೆ ಜನ ಅಳಿಸಿಹೋಗಿದ್ದರು. ಎಲ್ಲವನ್ನೂ ಮತ್ತೆ ತೆಗೆದೆ. ಮಾರನೆಯ ದಿನದಿಂದ ಬಳೆ ತೊಡುವುದನ್ನು ಬಿಟ್ಟೆ. ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ನನ್ನ ಬರಿಗೈ ನೋಡಿ, "ಯಜಮಾನರು ಹೋಗಿ ಎಷ್ಟು ದಿನವಾಯಿತು?" ಎಂದು ಮೆಲ್ಲಗೆ ಕೇಳಿದವರಿದ್ದಾರೆ. ಮದುವೆಯೇ ಆಗಿಲ್ಲ ಎಂದರೆ ಇನ್ನೂ ನಾಲ್ಕು ಪ್ರಶ್ನೆ ಬರುತ್ತಿದ್ದವು. ಕಿಟಕಿಯ ಕಡೆ ಮುಖ ಮಾಡಿ ಕೂರುವುದನ್ನು ಕಲಿತೆ.

ಈಗ ಸ್ಕ್ಯಾನರಿನ ಮುಂದೆ ಕೂರುವ ಹುಡುಗಿಯರು, "ಕಸ್ತೂರಿ ಮೇಡಂ, ನಿಮ್ಮ ಕಾಲದ ಕೆಲಸದ ಬಗ್ಗೆ ಬರೆದುಕೊಡಿ" ಎಂದಿದ್ದಾರೆ. ನಾನು ಆಪರೇಟರ್ ಆಗಿ ಸೇರಿದೆ, ಸೀನಿಯರ್ ಆಪರೇಟರ್ ಆಗಿ ನಿವೃತ್ತಳಾದೆ. ಆ ವಿಷಯದಲ್ಲಿ ಬರೆಯುವಂಥದ್ದು ಅಷ್ಟೇ. ಆದರೆ ನನ್ನ ಕೈ ಕೆಳಗೆ ಹಾದುಹೋದ ಲಕ್ಷಾಂತರ ಪುಟಗಳಲ್ಲಿ ಕೆಲವು ನನ್ನನ್ನು ಬಿಟ್ಟಿಲ್ಲ. ಅದನ್ನು ಹೇಳುತ್ತೇನೆ.

ನಮ್ಮಪ್ಪ ಮುದ್ದೇಬಿಹಾಳ ಕಡೆಯಿಂದ ಬಂದು ಕಲ್ಯಾಣದ ಗೂಡ್ಸ್ ಯಾರ್ಡಿನಲ್ಲಿ ಹಮಾಲಿ ಮಾಡಿದವನು. ನಾನು ಏಳನೆಯವರೆಗೆ ಕನ್ನಡ ಶಾಲೆ, ಆಮೇಲೆ ಮರಾಠಿ, ಇಂಗ್ಲಿಷು ಕಲಿತದ್ದು ಟೈಪಿಂಗ್ ಕ್ಲಾಸಿನಲ್ಲಿ. ತೊಂಬತ್ತಮೂರರ ಹೊತ್ತಿಗೆ ಅಪ್ಪ ಅವ್ವ ಇಬ್ಬರೂ ಹೋಗಿದ್ದರು. ಡೊಂಬಿವಲಿಯ ಒಂದು ಹೌಸಿಂಗ್ ಸೊಸೈಟಿಯ ನೆಲಮಹಡಿಯ ಒಂದು ಕೋಣೆಯಲ್ಲಿ ನಾನೊಬ್ಬಳೇ. ಅಲ್ಲಿಂದ ಠಾಣೆಗೆ ಲೋಕಲ್ಲು, ಠಾಣೆಯಿಂದ ರಬಾಳೆಗೆ ಬಸ್ಸು. ಆಗ ಆ ಕಡೆ ರೈಲಿರಲಿಲ್ಲ. ಕಾರ್ಖಾನೆಗಳ ನಡುವೆ ಒಂದು ಶೆಡ್ಡು, ಅದರೊಳಗೆ ಗೋಡೆಗೆ ಕಪ್ಪು ಬಣ್ಣ ಬಳಿದ ಕೋಣೆ. ಅಲ್ಲಿಗೆ ಹೋಗಿ ಬಾಗಿಲು ಹಾಕಿಕೊಂಡರೆ ಮಳೆಯೋ ಬಿಸಿಲೋ ಗೊತ್ತಾಗದು. ರೈಲಿನಲ್ಲಿ ನೂರು ಮೊಣಕೈ ಚುಚ್ಚುತ್ತಿದ್ದವು, ಕೋಣೆಯಲ್ಲಿ ಒಂದು ಉಸಿರೂ ಇರಲಿಲ್ಲ. ಕೆಲವು ದಿನ, ಬೆಳಿಗ್ಗೆ "ರಬಾಳೆ ಒಂದು", ಸಂಜೆ "ಠಾಣೆ ಒಂದು" ಎಂದು ಬಸ್ಸಿನ ಕಂಡಕ್ಟರನಿಗೆ ಹೇಳಿದ್ದೇ ಆ ದಿನ ನಾನಾಡಿದ ಮೊದಲ ಮಾತೂ ಕೊನೆಯ ಮಾತೂ ಆಗಿರುತ್ತಿತ್ತು.

ನಮ್ಮ ಮೇಲಧಿಕಾರಿ ಪ್ರಭಾಕರ ರಾಯರು, ಉಡುಪಿ ಕಡೆಯವರು. ನಾನು ಕನ್ನಡದವಳೆಂದು ತಿಳಿದಾಗಲೂ ಅವರ ಮುಖದಲ್ಲಿ ನಗು ಕಾಣಲಿಲ್ಲ. "ಓದ್ಲಿಕ್ಕೆ ಹೋಗ್ಬೇಡ ಮಾರಾಯ್ತಿ. ಓದಿದ್ರೆ ಕೈ ನಿಲ್ತದೆ. ನಮ್ಮ ಕೆಲಸ ತಿರುಗಿಸುದು" ಎಂದರು. ದಿನಕ್ಕೊಮ್ಮೆ ಬಂದು ಬೆಳಕು ಅಳೆದು ಹೋಗುತ್ತಿದ್ದರು. ಲಿಸ್ಟಿನಲ್ಲಿ ಇದ್ದದ್ದು ಬಿಡಬಾರದು, ಇಲ್ಲದ್ದು ತೆಗೆಯಬಾರದು. ಅವರ ಧರ್ಮಗ್ರಂಥ ಅಷ್ಟೇ.

ತೊಂಬತ್ತೈದರ ಬೇಸಿಗೆಯಲ್ಲಿ ನಾಲ್ಕು ತಗಡಿನ ಟ್ರಂಕುಗಳು ಬಂದವು. ಮುಂಬೈಯಲ್ಲಿ ವಿಕ್ಟೋರಿಯಾ ರಾಣಿಯ ಕಾಲದಲ್ಲಿ ನಡೆಯುತ್ತಿದ್ದ ಒಂದು ವಿಜ್ಞಾನ ಮಂಡಳಿಯ ಕಾಗದಗಳು. ಮಂಡಳಿ ಎಂದೋ ಸತ್ತಿತ್ತು. ಅದರ ಆಸ್ತಿ ನೋಡಿಕೊಳ್ಳುವ ಟ್ರಸ್ಟಿನವರು ಠಾಣೆಯ ಒಂದು ಗೋದಾಮಿನಲ್ಲಿ ಟ್ರಂಕುಗಳನ್ನು ಇಟ್ಟಿದ್ದರು. ಕೆಲಸ ಕೊಟ್ಟವರು ಪ್ರೊಫೆಸರ್ ಸಬ್ನಿಸ್ ಎಂಬ ನಿವೃತ್ತ ಅಧ್ಯಾಪಕಿ. ಬಿಳಿ ಕೂದಲು, ಖಾದಿ ಸೀರೆ, ಅವಸರದ ಮಾತು. ಆ ವರ್ಷ ದೀಪಾವಳಿಯ ಅಮಾವಾಸ್ಯೆಗೆ ಸೂರ್ಯಗ್ರಹಣ ಇತ್ತು. ೧೮೬೮ರ ಆಗಸ್ಟಿನ ಗ್ರಹಣಕ್ಕೆ ಈ ಮಂಡಳಿ ಹೇಗೆ ಸಿದ್ಧತೆ ಮಾಡಿತ್ತು ಎಂದು ಆಕೆ ಪುಸ್ತಕ ಬರೆಯುತ್ತಿದ್ದರು. ಅನುದಾನ ಸಿಕ್ಕಿದ್ದು ಇಂಗ್ಲಿಷ್ ಕಾಗದಗಳಿಗೆ ಮಾತ್ರ.

ಆ ಕಾಗದಗಳನ್ನು ನಾನು ಓದಿದೆ. ರಾಯರ ಮಾತು ಮೀರಿದ್ದು ಅದೇ ಮೊದಲು.

ಪತ್ರಗಳನ್ನು ಬರೆದವನು ಮಂಡಳಿಯ ಕಾರ್ಯದರ್ಶಿ, ಕಾಲೇಜೊಂದರಲ್ಲಿ ಗಣಿತ ಕಲಿಸುತ್ತಿದ್ದ ಇಂಗ್ಲಿಷಿನವನು. ಅವನ ಅಕ್ಷರ ಹಿಡಿತಕ್ಕೆ ಬರಲು ನನಗೆ ಹದಿನೈದು ದಿನ ಬೇಕಾಯಿತು. ಗ್ರಹಣಕ್ಕೆ ಎರಡು ವರ್ಷ ಇರುವಾಗಲೇ ಅವನು ಕೈಯೊಡ್ಡಲು ಶುರು ಮಾಡಿದ್ದ. ಸರ್ಕಾರ ಡೇರೆ ಕೊಟ್ಟಿತು, ಬಂಡಿ ಕೊಡಲಿಲ್ಲ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಹತ್ತಿ ಮಾರಿ ಕೊಬ್ಬಿದ್ದ ವರ್ತಕರು ಮೊದಲು ಮಾತು ಕೊಟ್ಟಿದ್ದರು. ಯುದ್ಧ ಮುಗಿದು ಬಿದ್ದಿದ್ದ ಹತ್ತಿಯ ಬೆಲೆ ಮತ್ತೆ ಏಳದಿದ್ದಾಗ ಅವರೆಲ್ಲ ಒಬ್ಬರ ಹಿಂದೆ ಒಬ್ಬರಂತೆ "ವಿಷಾದ" ಎಂದು ಬರೆದರು. ಕೆಲವರ ಪತ್ರಕ್ಕೆ ಸಾವಿನ ಸುದ್ದಿಯ ಪತ್ರದಂತೆ ಕಪ್ಪು ಅಂಚಿತ್ತು. ಒಬ್ಬ ಸಂಸ್ಥಾನಿಕ ಹಣ ಕೊಡಲು ಒಪ್ಪಿದ, ಆದರೆ ದೂರದರ್ಶಕದ ಕೊಳವೆಯ ಮೇಲೆ ತನ್ನ ಹೆಸರು ಕೊರೆಸಬೇಕೆಂದ. ದೂರದರ್ಶಕವೋ ಲಂಡನ್ನಿನಿಂದ ಎರವಲು ತಂದದ್ದು. ಇದಕ್ಕೆ ಉತ್ತರವಾಗಿ ಕಾರ್ಯದರ್ಶಿ ಬರೆದ ಐದು ಕರಡುಗಳು ಟ್ರಂಕಿನಲ್ಲಿದ್ದವು. ಮೊದಲನೆಯದರಲ್ಲಿ ಸಿಟ್ಟು, ಐದನೆಯದರಲ್ಲಿ ಬರೀ ವಿನಯ.

ಸುಯೆಜ್ ಕಾಲುವೆ ಆಗಿನ್ನೂ ಮುಗಿದಿರಲಿಲ್ಲ. ಅಲೆಕ್ಸಾಂಡ್ರಿಯಾದಲ್ಲಿ ಇಳಿಸಿ, ರೈಲಿಗೆ ಹಾಕಿ, ಸುಯೆಜಿನಲ್ಲಿ ಮತ್ತೆ ಹಡಗಿಗೆ ಏರಿಸಬೇಕು. ಆದ್ದರಿಂದ ಪೆಟ್ಟಿಗೆ ಇಷ್ಟೇ ಉದ್ದ ಇರಬೇಕು, ಒಳಗೆ ತಗಡು, ಮೇಲೆ ಮೇಣಬಟ್ಟೆ, ಮಸೂರಕ್ಕೆ ಉಣ್ಣೆಯ ಸುತ್ತು. ಇಂಥ ಪಟ್ಟಿಗಳನ್ನು ಆತ ಎಷ್ಟು ಪ್ರೀತಿಯಿಂದ ಬರೆದಿದ್ದಾನೆಂದರೆ, ಮಗಳನ್ನು ಗಂಡನ ಮನೆಗೆ ಕಳಿಸುವ ತಾಯಿಯ ಕೈಬರಹ ಎನ್ನಬೇಕು. ಐದೂವರೆ ನಿಮಿಷದ ಕತ್ತಲೆಗಾಗಿ ಎರಡು ವರ್ಷದ ಪತ್ರ.

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿ ಕೂತಾಗ, ಆ ಮನುಷ್ಯನಿಗೆ ಇಂದು ಉತ್ತರ ಬಂದಿತೇ ಎಂದು ನಾನು ಕಾಯುತ್ತಿದ್ದೆ. ನನಗೆ ಪತ್ರ ಬರೆಯುವವರು ಯಾರೂ ಇರಲಿಲ್ಲ; ಅವನ ಪತ್ರಗಳಿಗಾಗಿ ಬೆಳಿಗ್ಗೆ ಬೇಗ ಎದ್ದು ಹೋಗುತ್ತಿದ್ದೆ. ಇದನ್ನು ಬರೆಯಲು ಈಗಲೂ ನಾಚಿಕೆ.

ಕೊನೆಗೆ ಜಾಗದ ಜಗಳ ಹುಟ್ಟಿತು. ಪೂರ್ಣ ಗ್ರಹಣದ ದಾರಿ ಕೊಂಕಣದ ಕಡಲಿನಿಂದ ಬಿಜಾಪುರದ ಮೇಲೆ ಹಾದುಹೋಗುವುದಿತ್ತು. ಕಡಲ ದಂಡೆಯಾದರೆ ಹಡಗಿನಲ್ಲೇ ಹೋಗಬಹುದು, ಖರ್ಚು ಕಡಿಮೆ, ಆದರೆ ಆಗಸ್ಟಿನ ಮಳೆ. ಘಟ್ಟ ಹತ್ತಿ ಬಯಲುಸೀಮೆಗೆ ಹೋದರೆ ಮಳೆ ಕಡಿಮೆ, ಆದರೆ ಕೆಸರಿನಲ್ಲಿ ಬಂಡಿ ಹೊಡೆಯುವ ಖರ್ಚು ಹೆಚ್ಚು. ಕಾರ್ಯದರ್ಶಿಗೆ ಬಯಲುಸೀಮೆಯೇ ಬೇಕಿತ್ತು. ಸಮಿತಿಯವರು ಪುರಾವೆ ಕೇಳಿದರು. ಅದಕ್ಕಾಗಿ ಅವನು ಒಂದು ವರ್ಷ ಮುಂಚೆಯೇ ಬಿಜಾಪುರ ಸೀಮೆಯ ಬಾಗೇವಾಡಿಯ ಕಚೇರಿಗೆ ಬರೆದು, ಅಲ್ಲಿಯ ಗುಮಾಸ್ತ ಕಾರಕೂನನಿಂದ ಆಗಸ್ಟ್ ತಿಂಗಳಿಡೀ ಪ್ರತಿದಿನ ಬೆಳಿಗ್ಗೆ ಗ್ರಹಣ ಹಿಡಿಯುವ ಹೊತ್ತಿಗೆ ಆಕಾಶ ಹೇಗಿದೆ ಎಂದು ಗುರುತು ಹಾಕಿಸಿದ್ದ. ಗುರುತು ಹಾಕಿದ ವಹಿಪುಸ್ತಕ ಬಂತು. ಬಂದದ್ದು ಕನ್ನಡದಲ್ಲಿ. ಭಾಷಾಂತರಕ್ಕೆ ಹಣ ಕೊಡಲು ಸಮಿತಿ ಒಪ್ಪಲಿಲ್ಲ. ಖಜಾಂಚಿಯ ಚೀಟಿ ಇನ್ನೂ ಕಣ್ಣ ಮುಂದಿದೆ: ಈ ವಹಿಯ ಲಿಪಿ ನಮ್ಮಲ್ಲಿ ಯಾರಿಗೂ ಬಾರದು, ಆದ್ದರಿಂದ ಇದರಿಂದ ಉಪಯೋಗವಿಲ್ಲ.

ಕಡಲ ದಂಡೆ ಎಂದು ತೀರ್ಮಾನವಾಯಿತು. ಗ್ರಹಣದ ದಿನ ಬೆಳಗಿನಿಂದ ಮಳೆ ಹೊಯ್ದಿತು. ಕಾರ್ಯದರ್ಶಿಯ ವರದಿ ಎರಡೇ ಸಾಲು. ಅದಾದ ಮೇಲೆ ಅವನ ಕೈಬರಹ ಆ ಟ್ರಂಕುಗಳಲ್ಲಿ ಎಲ್ಲೂ ಇರಲಿಲ್ಲ.

ನಾಲ್ಕನೆಯ ಟ್ರಂಕಿನ ತಳದಲ್ಲಿ ಆ ವಹಿ ಇತ್ತು. ಕೆಂಪು ಬಟ್ಟೆಯ ಹೊದಿಕೆ, ಅಂಗೈಯಗಲ. ಅದರ ಜೊತೆ ದಾರ ಕಟ್ಟಿ ಅರಗಿನ ಮುದ್ರೆ ಒತ್ತಿದ ಒಂದು ಲಕೋಟೆ. ಮುದ್ರೆ ಒಡೆದಿರಲಿಲ್ಲ. ಪ್ರೊಫೆಸರರ ಪಟ್ಟಿಯಲ್ಲಿ ಎರಡರ ಮುಂದೆಯೂ "ಬೇಡ" ಎಂದು ಗುರುತಿತ್ತು.

ವಹಿಯನ್ನು ಒಂದು ವಾರ ಊಟದ ಹೊತ್ತಿನಲ್ಲಿ ಓದಿದೆ. ಬರಹ ಮರಾಠಿಯ ಹಳೆಯ ಮೋಡಿ ಲಿಪಿಯಂತೆ ಒಂದಕ್ಕೊಂದು ಅಂಟಿಕೊಂಡಿತ್ತು, ಆದರೆ ಮಾತು ನಮ್ಮ ಕಡೆಯದೇ. ದಿನಕ್ಕೊಂದು ಪುಟ, ಪುಟಕ್ಕೊಂದು ಸಾಲು. ಮೋಡ. ಮೋಡ, ಜಿಟಿಜಿಟಿ. ಮುಂಜಾನೆ ಮೋಡ, ಮೂರು ತಾಸು ಹೊತ್ತೇರಿದ ಮೇಲೆ ಬಿಸಿಲು. ಬಿಸಿಲು, ಪಡುವಣ ಗಾಳಿ. ಹೀಗೇ ಹೋಗುತ್ತಿತ್ತು. ಯಾತಕ್ಕಾಗಿ ಆಕಾಶ ನೋಡುತ್ತಿದ್ದೇನೆಂದು ಬಹುಶಃ ಆ ಕಾರಕೂನನಿಗೆ ಯಾರೂ ಹೇಳಿರಲಿಲ್ಲ. ತಿಂಗಳ ನಡುವೆ ಬರೆದಿದ್ದ: ಮೋಡ, ಕೂಸಿಗೆ ಜ್ವರ. ಮರುದಿನ: ಮೋಡ ಹರಿಯಿತು, ಜ್ವರ ಇಳಿಯಲಿಲ್ಲ. ಅದರ ಮರುದಿನ: ಬಿಸಿಲು, ಕೂಸು ಹೋಯಿತು. ಮುಂದಿನ ಪುಟ: ಬಿಸಿಲು.

ಕೂಸು ಹೋದ ಮಾರನೆಯ ಬೆಳಿಗ್ಗೆಯೂ ಅವನು ಅಂಗಳಕ್ಕೆ ಬಂದು ತಲೆ ಎತ್ತಿ ನೋಡಿದ್ದಾನೆ. ಡಬ್ಬಿ ಮುಚ್ಚಿ ರಾಯರ ಬಳಿ ಹೋದೆ.

"ರಾಯರ, ಈ ವಹಿನೂ ಫಿಲ್ಮ್ ಮಾಡಬೇಕ್ರಿ. ಇದರಾಗ ಎಲ್ಲಾ ಐತಿ. ಬಾಗೇವಾಡಿಗೆ ಹೋಗಿದ್ದರ ಅವರಿಗೆ ಗ್ರಹಣ ಕಾಣ್ತಿತ್ತು ಅಂತ ಅನಸ್ತದ."

"ಲಿಸ್ಟಿನಲ್ಲಿ ಉಂಟಾ?"

"ಇಲ್ರೀ."

"ಮತ್ತೆ?" ಅವರು ಕನ್ನಡಕ ತೆಗೆದರು. "ನೀನು ಓದಿದ್ಯಾ?"

ಹೌದೆಂದು ತಲೆಯಾಡಿಸಿದೆ. ರಾಯರು ಬೈಯಲಿಲ್ಲ. "ದೀಪಾವಳಿ ರಜೆ ಮುಗಿದ ಕೂಡ್ಲೆ ಅವ್ರ ಲಾರಿ ಬರ್ತದೆ. ಆ ಟ್ರಸ್ಟಿನವ್ರು ಗೋದಾಮು ಮಾರಿ ಆಗಿದೆಯಂತೆ. ಪ್ರೊಫೆಸರನ್ನು ಕೇಳುವಾ ಅಂದ್ರೆ ಅವ್ರು ಗ್ರಹಣ ನೋಡ್ಲಿಕ್ಕೆ ರಾಜಸ್ಥಾನಕ್ಕೆ ಹೋಗಿಯಾಗಿದೆ. ನಾನೆಂತ ಮಾಡುದು?"

ರಜೆಗೆ ಮುಂಚಿನ ಕೊನೆಯ ದಿನ ಸಂಜೆ, ನಾನು ಚೀಲ ಹೆಗಲಿಗೇರಿಸುವಾಗ ರಾಯರು ಬಂದು ಮೇಜಿನ ಮೇಲೆ ಬೀಗದ ಕೈ ಇಟ್ಟರು. "ಗ್ರಹಣದ ದಿನ ನಾನು ಮನೆಯಿಂದ ಹೊರಗೆ ಬರುದಿಲ್ಲ. ಸ್ನಾನ, ಜಪ ಎಲ್ಲ ಉಂಟು. ಆ ದಿನ ಇಲ್ಲಿ ಯಾರು ಬಂದ್ರು, ಎಂತ ಮಾಡಿದ್ರು, ನಂಗೆ ಗೊತ್ತಾಗುದಿಲ್ಲ" ಎಂದು ಹೇಳಿ ಹೋದರು.

ಗ್ರಹಣದ ಬೆಳಿಗ್ಗೆ ಡೊಂಬಿವಲಿ ಸ್ಟೇಷನ್ನಿನಲ್ಲಿ ನಾನು ಕಂಡ ಖಾಲಿತನ ಮುಂದೆಂದೂ ಕಾಣಲಿಲ್ಲ. ಡಬ್ಬಿಯಲ್ಲಿ ನಾನೊಬ್ಬಳೇ. ಕೂರಲು ಎಲ್ಲ ಬೆಂಚೂ ಇದ್ದವು, ನಾನು ಅಭ್ಯಾಸದಿಂದ ಬಾಗಿಲ ಬಳಿ ಕಂಬ ಹಿಡಿದು ನಿಂತಿದ್ದೆ. ಮುಂಬ್ರಾ ದಾಟಿದ ಮೇಲೆ ನೆನಪಾಗಿ ಕೂತೆ. ಹಳಿಯ ಪಕ್ಕದ ಮನೆಗಳ ಕಿಟಕಿಗಳೆಲ್ಲ ಮುಚ್ಚಿದ್ದವು. ಬಸ್ಸಿನ ಕಂಡಕ್ಟರು ಟಿಕೆಟು ಹರಿಯುತ್ತ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಇವತ್ತು ಹೊರಗೆ ಬಿದ್ದ ಹೆಂಗಸು ಎಂಥವಳಿರಬೇಕು ಎಂಬಂತೆ.

ಕಪ್ಪು ಕೋಣೆಗೆ ಹೋಗಿ ದೀಪ ಹಾಕಿ, ಲಕೋಟೆ ಎದುರಿಗಿಟ್ಟುಕೊಂಡೆ. ಮುದ್ರೆ ಇರುವುದನ್ನು ಆಪರೇಟರು ಒಡೆಯಬಾರದು. ಬಹಳ ಹೊತ್ತು ಕೂತೆ. ಆಮೇಲೆ ಚಾಕುವಿನ ತುದಿಯಿಂದ ಅರಗು ಎಬ್ಬಿಸಿದೆ. ನೂರಿಪ್ಪತ್ತೇಳು ವರ್ಷದಲ್ಲಿ ಅದನ್ನು ತೆರೆದವಳು ನಾನೇ ಮೊದಲು.

ಒಳಗೆ ಮಡಿಸಿದ ಹಾಳೆಗಳು. ಮರುವರ್ಷದ ಆಗಸ್ಟು. ಯಾರೂ ಕೇಳದಿದ್ದರೂ ಅವನು ಮತ್ತೆ ದಿನದಿನವೂ ಆಕಾಶ ನೋಡಿ ಬರೆದಿದ್ದ, ಗ್ರಹಣದ ದಿನದವರೆಗೆ. ಕೊನೆಯ ಹಾಳೆಯಲ್ಲಿದ್ದದ್ದು ನನಗೆ ಬಾಯಿಪಾಠ: "ಬೆಳಗಿನಿಂದ ಮೋಡ. ಮೂರು ತಾಸಿಗೆ ಗಾಳಿ ಬೀಸಿ ಮೋಡ ಹರಿಯಿತು. ಸೂರ್ಯ ಪೂರಾ ಕಪ್ಪಾದ. ಸುತ್ತ ಬೆಳ್ಳಿಯ ಹಾಗೆ ಬೆಳಕು. ಎತ್ತು ನೊಗದಲ್ಲೇ ನಿಂತವು. ಹೋದ ವರ್ಷದ ಶ್ರಾವಣದಿಂದ ಮನೆಯಾಕೆ ಹೊಸ್ತಿಲು ದಾಟಿರಲಿಲ್ಲ. ಇಂದು ಅಂಗಳಕ್ಕೆ ಬಂದು ನೋಡಿದಳು. ಬಳಿಕ ಅಡಿಗೆ ಮಾಡಿದಳು. ಸಾಹೇಬರು ಬಂದಿದ್ದರೆ ಕಾಣುತ್ತಿದ್ದರು." ಕೆಳಗೆ, ಕಾರಕೂನ, ಬಾಗೇವಾಡಿ. ಅಷ್ಟೇ.

ನನಗೆ ಆ ಕೋಣೆಯಲ್ಲಿ ಕೂರಲಾಗಲಿಲ್ಲ. ಪೂರ್ತಿ ಕಪ್ಪಾದ ಹಳೆಯ ಫಿಲ್ಮಿನ ತುಂಡೊಂದನ್ನು ಮಡಿಸಿ ಹಿಡಿದುಕೊಂಡು ಅಂಗಳಕ್ಕೆ ಬಂದೆ. ಆಗ ಹಾಗೆ ನೋಡುತ್ತಿದ್ದೆವು, ನೀವು ಹಾಗೆ ಮಾಡಬೇಡಿ, ಕಣ್ಣಿಗೆ ಕೇಡು. ಮುಂಬೈ ಕಡೆಗೆ ಗ್ರಹಣ ಪೂರ್ತಿ ಇರಲಿಲ್ಲ. ಕುಡುಗೋಲಿನಂತೆ ಸವೆದ ಸೂರ್ಯ ಕಾರ್ಖಾನೆಯ ಚಿಮಣಿಯ ಪಕ್ಕದಲ್ಲಿದ್ದ. ಬಿಸಿಲು ಇತ್ತು, ಆದರೆ ಅದರ ಕಸು ಹೋಗಿತ್ತು. ನನ್ನ ಕೈಯ ಬಣ್ಣವೇ ನನಗೆ ಬೇರೆಯಾಗಿ ಕಂಡಿತು. ಇಡೀ ರಬಾಳೆಯಲ್ಲಿ ಒಂದು ಯಂತ್ರದ ಸದ್ದಿಲ್ಲ. ವಾಚ್‌ಮನ್ ತನ್ನ ಗೂಡಿನ ಬಾಗಿಲು ಬೆರಳಷ್ಟು ತೆರೆದು, ಗ್ರಹಣ ಯಾರಾದರೂ ನೋಡುತ್ತಾರೆಯೇ, ಒಳಗೆ ಹೋಗು ಎಂದು ಕೂಗಿದ: "ದೀದಿ, ಅಂದರ್ ಆ ಜಾವೋ! ಕೋಯಿ ದೇಖ್ತಾ ಹೈ ಕ್ಯಾ ಐಸಾ?"

"ದೇಖ್ನಾ ಹೈ ಭಾಯಿ" ಎಂದೆ, ನೋಡಲೇಬೇಕು ಎಂದು. ಬಾಗಿಲು ಮುಚ್ಚಿತು. ಪಕ್ಕದಲ್ಲಿ ಯಾರಾದರೂ ಇದ್ದಿದ್ದರೆ, ಆ ತುಂಡು ಫಿಲ್ಮನ್ನು ಅವರ ಕೈಗೆ ಕೊಟ್ಟು "ನೀವೂ ನೋಡ್ರಿ" ಎನ್ನಬಹುದಿತ್ತು. ಅಷ್ಟು ಬೇಕೆನಿಸಿತ್ತು ನನಗೆ, ಬೇರೇನೂ ಅಲ್ಲ.

ಒಳಗೆ ಬಂದು ಕಣ್ಣೊರೆಸಿಕೊಂಡು ಫಿಲ್ಮು ತುಂಬಿದೆ. ಮೊದಲು ವಹಿ, ಆಮೇಲೆ ಹಾಳೆಗಳು. ಒಂದೊಂದು ಪುಟವನ್ನೂ ನೇರ ಮಾಡಿ, ಗಾಜು ಒತ್ತಿ, ಪೆಡಲು ತುಳಿದೆ. ಎಣಿಕೆಯ ಮುಳ್ಳು ಒಂದೊಂದಾಗಿ ಮುಂದೆ ಹೋಯಿತು. ಅರವತ್ತೆರಡು. ಎಲ್ಲವನ್ನೂ ಮೊದಲಿನಂತೆ ಟ್ರಂಕಿನಲ್ಲಿಟ್ಟು, ಬೀಗ ಹಾಕಿ ಮನೆಗೆ ಬಂದೆ. ಆ ಸಂಜೆ ಅಕ್ಕಪಕ್ಕದ ಮನೆಯವರು ಪಟಾಕಿ ಹಚ್ಚುವಾಗ ನಾನೂ ಹೊರಗೆ ಬಂದು ನಿಂತಿದ್ದೆ. ಹಾಗೆ ನಿಂತದ್ದು ಬಹಳ ವರ್ಷದ ಮೇಲೆ.

ರಜೆ ಮುಗಿದ ದಿನ ಬೆಳಿಗ್ಗೆ ಲಾರಿ ಬಂದು ಟ್ರಂಕುಗಳನ್ನು ಒಯ್ದಿತು. ನನ್ನ ಫಿಲ್ಮು ತೊಳೆದು ಬಂದದ್ದು ಅದರ ಮರುದಿನ. ಬೆಳಕಿಗೆ ಹಿಡಿದೆ. ಉದ್ದಕ್ಕೂ ಏನೂ ಇಲ್ಲದ ಪಾರದರ್ಶಕ ಪಟ್ಟಿ, ತುದಿಯ ಬಳಿ ಒಂದೇ ಒಂದು ಕಪ್ಪು ಚೌಕ. ತುಂಬುವಾಗ ಫಿಲ್ಮಿನ ತುದಿ ಆಚೆಯ ಸುರುಳಿಗೆ ಸಿಕ್ಕಿರಲಿಲ್ಲ. ಪೆಡಲು ತುಳಿದಂತೆ ಮುಳ್ಳು ಎಣಿಸುತ್ತ ಹೋಗಿತ್ತು, ಫಿಲ್ಮು ನಿಂತಲ್ಲೇ ನಿಂತಿತ್ತು. ಅರವತ್ತೆರಡು ಪುಟಗಳೂ ಒಂದರ ಮೇಲೊಂದು ಬಿದ್ದು ಮಸಿಯಾಗಿದ್ದವು. ತುಂಬಿದ ಕೂಡಲೇ ಸುರುಳಿಯ ಗುಂಡಿ ತಿರುಗುತ್ತಿದೆಯೇ ಎಂದು ನೋಡಬೇಕು. ಮೊದಲ ದಿನ ಕಲಿಸುವ ಪಾಠ ಅದು. ನಾನು ನೋಡಿರಲಿಲ್ಲ.

ರಾಯರು ಪಟ್ಟಿಯನ್ನು ಕೈಗೆ ತೆಗೆದುಕೊಂಡು ನೋಡಿದರು. "ಹೋಗು. ಠಾಣೆಗೆ ಹೋಗಿ ಹಿಡಿ. ಇವತ್ತಿನ ರಜೆ ನಾನು ಬರ್ಕೊಳ್ತೇನೆ" ಎಂದರು.

ಠಾಣೆಯ ಗೋದಾಮು ಖಾಲಿಯಾಗಿತ್ತು. ಕಾಗದವೆಲ್ಲ ರದ್ದಿಗೆ ಹೋಗಿದೆ, ಕಲ್ಯಾಣದ ವ್ಯಾಪಾರಿ ಒಯ್ದ ಎಂದರು. ಕಲ್ಯಾಣಕ್ಕೆ ಓಡಿದೆ. ಅಪ್ಪ ದುಡಿದ ಯಾರ್ಡಿನ ಹಿಂದೆಯೇ ಆ ರದ್ದಿಯ ಅಂಗಳ. ಬೆಟ್ಟದಂಥ ಕಾಗದದ ರಾಶಿಯಲ್ಲಿ ಮೊಣಕಾಲೂರಿ ಕೈಹಾಕಿದೆ. ಅಲ್ಲಿ ಮೂಟೆ ಕಟ್ಟುತ್ತಿದ್ದ ಹಿರಿಯ ಹಮಾಲನೊಬ್ಬ ಸ್ವಲ್ಪ ಹೊತ್ತು ನೋಡಿ ಹತ್ತಿರ ಬಂದ. ನಾನು ನನ್ನಷ್ಟಕ್ಕೇ ಏನೋ ಕನ್ನಡದಲ್ಲಿ ಗೊಣಗುತ್ತಿದ್ದೆನಂತೆ.

"ಯಾವೂರಾಕಿ ತಂಗೀ? ಏನ್ ಹುಡಕಾಕತ್ತಿ?"

"ಒಂದು ವಹಿ ಅಣ್ಣಾ. ಕೆಂಪು ಅರಿವಿ ಹೊದಿಕಿ. ಕನ್ನಡದಾಗ ಬರದದ್ದು. ತಗಡಿನ ಟ್ರಂಕಿನಾಗ ಬಂದಿತ್ತು, ನಿನ್ನೆ."

"ಟ್ರಂಕಿನ ಮಾಲಾ? ಅದು ನಿನ್ನೆ ಸಂಜೀಕನ ಲಾರಿ ಏರಿ ಕಾಗದದ ಮಿಲ್ಲಿಗೆ ಹೋತು. ಇಷ್ಟೊತ್ತಿಗೆ ಗಂಜಿ ಆಗಿರತೈತಿ." ನನ್ನ ಮುಖ ನೋಡಿ ಅವನು ದನಿ ತಗ್ಗಿಸಿದ. "ಹೊಲದ ಉತಾರ, ಪಹಣಿ ಇತ್ತೇನವಾ? ಮನಿ ಕಾಗದೇನರ?"

"ಅಲ್ಲಣ್ಣಾ. ಮೋಡದ ಲೆಕ್ಕ ಇತ್ತು. ಬಾಗೇವಾಡಿ ಮ್ಯಾಲಿನ ಮೋಡದ್ದು."

ಅವನು ನಗಲಿಲ್ಲ. ಒಂದು ಮೂಟೆಯ ಮೇಲೆ ನನ್ನನ್ನು ಕೂರಿಸಿ, ಎದುರಿನ ಟಪರಿಯಿಂದ ಚಹಾ ತರಿಸಿದ. "ನಮ್ದು ಸಿಂದಗಿ" ಎಂದ. "ಮೋಡದ ಲೆಕ್ಕ ಯಾರ್ ಬರೀತಾರಬೇ! ಬರದಾವ ದೊಡ್ಡ ಮನಸ್ಯಾನ ಇರಬೇಕು."

ಪ್ರೊಫೆಸರ್ ಸಬ್ನಿಸ್ ರಾಜಸ್ಥಾನದಿಂದ ಬಂದ ಮೇಲೆ ಎಲ್ಲವನ್ನೂ ಹೇಳಿದೆ. ಟ್ರಸ್ಟು ಕಾಗದಗಳನ್ನು ಮಾರಿದ್ದು ಆಕೆಗೂ ಗೊತ್ತಿರಲಿಲ್ಲ. ತಲೆಯ ಮೇಲೆ ಕೈಹೊತ್ತು ಕೂತರು. ಆಮೇಲೆ, ನೆನಪಿದ್ದದ್ದನ್ನೆಲ್ಲ ಬರೆದುಕೊಡು ಎಂದರು. ಎರಡು ಸಂಜೆ ಕೂತು ಒಂದು ಹಾಳೆಯ ಎರಡೂ ಬದಿ ಬರೆದೆ, ಕನ್ನಡದಲ್ಲಿ ಒಮ್ಮೆ, ಪಕ್ಕದಲ್ಲಿ ಮರಾಠಿಯಲ್ಲಿ ಒಮ್ಮೆ. ಆಕೆ ಓದಿದರು, ಮತ್ತೆ ಓದಿದರು, ಕನ್ನಡಕ ಒರೆಸಿಕೊಂಡರು. ಕೊನೆಗೆ ಹಾಳೆಯನ್ನು ನನ್ನ ಕಡೆ ತಳ್ಳಿದರು.

"ಪುರಾವಾ ಕುಠೆ ಆಹೆ, ಕಸ್ತೂರಿ? ಪುರಾವೆ ಎಲ್ಲಿದೆ? ಮೂಲ ಇಲ್ಲ, ಫಿಲ್ಮ್ ಇಲ್ಲ. ಮುದ್ರೆ ಒಡೆದವಳು ನೀನು, ಓದಿದವಳು ನೀನೊಬ್ಬಳೇ. ನಾನು ನಂಬುತ್ತೇನೆ. ಆದರೆ ನನ್ನ ಪುಸ್ತಕದಲ್ಲಿ ಬರೆಯಲಾರೆ."

ಅವರದು ತಪ್ಪೆಂದು ನಾನು ಆಗಲೂ ಹೇಳಲಿಲ್ಲ, ಈಗಲೂ ಹೇಳುವುದಿಲ್ಲ. ಹಾಳೆಯನ್ನು ರಾಯರ ಮೇಜಿನ ಮೇಲೆ ಬಿಟ್ಟುಬಂದೆ. ಮನೆಗೆ ಒಯ್ಯುವ ಮನಸ್ಸಾಗಲಿಲ್ಲ. ಪುಸ್ತಕ ಎರಡು ವರ್ಷದ ಮೇಲೆ ಬಂತು. ಆ ಭಾಗದಲ್ಲಿ ಒಂದೇ ವಾಕ್ಯ: ಬಾಗೇವಾಡಿಯಿಂದ ತರಿಸಿದ ಮೋಡದ ದಾಖಲೆ ಉಳಿದಿಲ್ಲ.

ನನಗೆ ಶಿಕ್ಷೆ ಆಗಲಿಲ್ಲ. ಒಂದು ಫಿಲ್ಮು ಹಾಳಾಯಿತು ಎಂದು ರಾಯರು ತಮ್ಮ ಹೆಸರಿನಲ್ಲಿ ಬರೆದುಕೊಂಡರು. ಆಮೇಲೆ ನನ್ನ ಕೆಲಸದ ರೀತಿ ಬದಲಾಯಿತು. ಫಿಲ್ಮು ತುಂಬಿ ಗುಂಡಿ ಮುಟ್ಟಿ ನೋಡದೆ ಪೆಡಲು ತುಳಿದಿಲ್ಲ. ಕನ್ನಡದ್ದು ಏನು ಬಂದರೂ ಮೊದಲು ಕೈಯಲ್ಲಿ ನಕಲು ಮಾಡಿಕೊಂಡೆ. ಫಿಲ್ಮಿಗಿಂತ ಗಟ್ಟಿ ಯಾವುದಿದೆ ಎಂದು ನಂಬಿದ್ದಕ್ಕೆ ತೆತ್ತದ್ದು ಸಾಕಿತ್ತು. ಬರುಬರುತ್ತ ಕಂಪ್ಯೂಟರು ಬಂತು. ಬೇಲಾಪುರದ ಕಚೇರಿಗಳಿಂದ ಬರುವ ಕಾಗದಗಳನ್ನು ಸ್ಕ್ಯಾನ್ ಮಾಡಿ ಡಿಸ್ಕಿನಲ್ಲಿ ಕೊಡಿ ಎನ್ನತೊಡಗಿದರು. ಕಪ್ಪು ಗೋಡೆಗೆ ಸುಣ್ಣ ಬಳಿದರು. ಹೊಸಬರು ಬೆಳಕಿನಲ್ಲಿ, ಹಾಡು ಹಚ್ಚಿಕೊಂಡು ಕೆಲಸ ಮಾಡುವುದು ನೋಡಿದರೆ ನನಗೆ ಸಂತೋಷವೇ. ರಾಯರಿಗೆ ಆ ಬೆಳಕು ಒಗ್ಗಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಕೆಲಸ ಬಿಟ್ಟು ಉಡುಪಿಯಲ್ಲಿ ತಂಗಿಯ ಮನೆಗೆ ಹೊರಟುಹೋದರು. ಹೋಗುವ ದಿನ ತಂಗಿಯ ಮನೆಯ ಫೋನ್ ನಂಬರನ್ನು ಚೀಟಿಯಲ್ಲಿ ಬರೆದುಕೊಟ್ಟರು.

ತೊಂಬತ್ತೊಂಬತ್ತರ ಆಗಸ್ಟಿನಲ್ಲಿ ಮತ್ತೊಂದು ಗ್ರಹಣ ಬಂತು, ಸಂಜೆಯ ಹೊತ್ತಿನದು. ಯಾವುದೋ ಪ್ರದರ್ಶನಕ್ಕೆಂದು ಪ್ರೊಫೆಸರರ ಆ ಹಳೆಯ ರೋಲುಗಳ ಇನ್ನೊಂದು ಪ್ರತಿ ಬೇಕೆಂದು ಬೇಡಿಕೆ ಬಂದಿತ್ತು. ಪ್ರತಿ ಮಾಡುವ ಮುಂಚೆ ರೋಲನ್ನು ತುದಿಯಿಂದ ತುದಿಗೆ ನೋಡಬೇಕು. ಗ್ರಹಣದ ದಿನವೇ ನಾನು ಕೊನೆಯ ರೋಲನ್ನು ನೋಡುವ ಯಂತ್ರಕ್ಕೆ ಏರಿಸಿದೆ. ಕಾರ್ಯದರ್ಶಿಯ ಎರಡು ಸಾಲಿನ ವರದಿ ಬಂತು. ಅದಾದ ಮೇಲೆ "ಸಮಾಪ್ತಿ" ಎಂಬ ಫಲಕ ಬರಬೇಕು. ಬರಲಿಲ್ಲ. ಅದರ ಬದಲು ಪರದೆಯ ಮೇಲೆ ನನ್ನ ಕೈಬರಹ ಬಂತು. ಮೋಡ. ಮೋಡ, ಜಿಟಿಜಿಟಿ. ಮೋಡ, ಕೂಸಿಗೆ ಜ್ವರ. ಹಾಳೆಯ ಒಂದು ಬದಿ, ಮುಂದಿನ ಫ್ರೇಮಿನಲ್ಲಿ ಇನ್ನೊಂದು ಬದಿ. ಅದರ ಕೆಳಗೆ ಒಂದು ಸಣ್ಣ ಚೀಟಿ, ರಾಯರ ಗುಂಡು ಅಕ್ಷರ: "ಮೂಲ ಓದಿದವರು ಕಸ್ತೂರಿ, ಕ್ಯಾಮೆರಾ ಆಪರೇಟರ್. ಇವರ ಮಾತು ನಂಬತಕ್ಕದ್ದು." ಆಮೇಲೆ ಸಮಾಪ್ತಿ.

ಸಂಜೆ ಡೊಂಬಿವಲಿ ಸ್ಟೇಷನ್ನಿನ ಹೊರಗಿನ ಎಸ್‌ಟಿಡಿ ಬೂತಿಗೆ ಹೋಗಿ ಉಡುಪಿಗೆ ಫೋನು ಹಚ್ಚಿದೆ. ಅವರ ತಂಗಿ ಕರೆದುಕೊಟ್ಟರು.

"ರಾಯರ, ನಾನು ಕಸ್ತೂರಿ. ರಬಾಳೆ."

"ಓ. ಹೇಗಿದ್ದಿ ಮಾರಾಯ್ತಿ?"

"ಇವತ್ತ ಕೊನೇ ರೋಲು ನೋಡಿದ್ನಿರಿ."

ಆ ಕಡೆ ಕೆಮ್ಮು. "ಹಾಂ. ಹಾಕಿದ್ದೆ."

"ನನಗ ಯಾಕ ಹೇಳಲಿಲ್ರಿ? ನಾಲ್ಕು ವರ್ಷ ಆತು."

"ಹೇಳಿದ್ರೆ ನೀನು ಕೂಗ್ತಿದ್ದಿ." ಅವರ ಕಡೆ ಕೂಗುವುದೆಂದರೆ ಅಳುವುದು. ನಾನು ಸೆರಗಿನಿಂದ ಮೂಗೊರೆಸಿಕೊಂಡೆ. ಮೀಟರು ತಿರುಗುತ್ತಿತ್ತು.

"ಇಲ್ಲಿ ಪೂರಾ ಮೋಡ" ಎಂದರು ಕೊನೆಗೆ. "ಗ್ರಹಣ ನೋಡ್ಲಿಕ್ಕೆ ಅಂಗಳದಲ್ಲಿ ಕುರ್ಚಿ ಹಾಕಿ ಕೂತಿದ್ದೆ, ಎಂತದೂ ಕಾಣುದಿಲ್ಲ. ಅಲ್ಲಿ ಹೇಗುಂಟು?"

ರಿಸೀವರಿನ ದಾರ ಎಳೆಯುವಷ್ಟು ಎಳೆದು, ಬೂತಿನ ಬಾಗಿಲಿನಿಂದ ತಲೆ ಹೊರಗೆ ಹಾಕಿದೆ. ಸ್ಟೇಷನ್ನಿನಿಂದ ಜನ ಹೊರಬೀಳುತ್ತಿದ್ದರು, ಛತ್ರಿಗಳ ಮೇಲೆ ಛತ್ರಿ.

"ಇಲ್ಲೂ ಮೋಡನ ರೀ. ಆದರ ಪಡುವಲಕ್ಕ, ಖಾಡಿ ಹಿನ್ನೀರಿನ ಮ್ಯಾಲ, ಒಂದೀಟು ಹರದಂಗ ಕಾಣಸ್ತದ."

"ಹಾಗಾದ್ರೆ ನಿಲ್ಲು" ಎಂದರು ರಾಯರು. "ಫೋನು ಇಡ್ಬೇಡ. ನೋಡಿ ಹೇಳು."

ನಾನು ಹಾಗೇ ನಿಂತೆ.